ಅತ್ತೆಯ ಮಣಿಕಟ್ಟಿನ ಜೀರುಂಡೆ

ಒಂದು ಕೈಗಡಿಯಾರದ ಹೊಟ್ಟೆಯೊಳಗೆ ಅಕ್ಕತಂಗಿಯರು ಇಬ್ಬರು ಸುರುಳಿ ಸುತ್ತಿಕೊಂಡು ಬದುಕಿದ್ದರಂತೆ. ಇಬ್ಬರೂ ಸ್ಪ್ರಿಂಗುಗಳು. ಅಕ್ಕ ಹಗಲೂ ರಾತ್ರಿ ಸದ್ದಿಲ್ಲದೆ ಮುಳ್ಳುಗಳನ್ನು ನಡೆಸುವವಳು. ತಂಗಿ ಮಹಾ ಸೋಮಾರಿ. ದಿನವಿಡೀ ಮಲಗಿದ್ದು, ಹೇಳಿದ ಹೊತ್ತಿಗೆ ಒಮ್ಮೆ ಎದ್ದು, ಜೀರುಂಡೆಯ ಹಾಗೆ ಹದಿನೈದು ಸೆಕೆಂಡು ಕಿರುಚಿ, ಮತ್ತೆ ಮಲಗಿಬಿಡುವವಳು. ಈಗ ಆ ತಂಗಿಗೇನೋ ಆಗಿತ್ತು. ಏನೆಂದು ಮಾತ್ರ ರಿಪೇರಿ ಅಂಗಡಿಯ ಹುಡುಗಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಗಡಿಯಾರ ಅವಳ ಸೋದರತ್ತೆಯದು. ನಸುಕಿನ ನಾಲ್ಕಕ್ಕೆ ಬೇಕರಿಯ ಬಾಗಿಲು ತೆಗೆದು ಒಲೆ ಹೊತ್ತಿಸುವವಳು ಈ ಅತ್ತೆ. ಇಪ್ಪತ್ತೆರಡು ವರ್ಷ ಗಡಿಯಾರ ಕಟ್ಟಿಕೊಂಡೇ ಮಲಗಿ, ಕಟ್ಟಿಕೊಂಡೇ ಎದ್ದವಳು. ಇತ್ತೀಚೆಗೆ ಯಾಕೋ ಅದಕ್ಕೆ ಸುಸ್ತು ಬಡಿದಿದೆ ಎಂದು ಸರ್ವಿಸಿಗೆ ಕೊಟ್ಟಿದ್ದಳು. ನಾನು ಸರಿ ಮಾಡಿಕೊಡ್ತೀನಿ, ಇದೇ ನಿನ್ನನ್ನ ಎಬ್ಬಿಸ್ತದೆ ಎಂದು ಹುಡುಗಿ ಮಾತು ಕೊಟ್ಟಿದ್ದಳು. ಆ ಸರ್ವಿಸಾದ ಮೇಲೆ ಅತ್ತೆ ಎರಡು ಸಲ ತಡವಾಗಿ ಎದ್ದಳು. ಇನ್ನೊಂದು ಸಲ ಹೀಗಾದರೆ ಬಾಗಿಲ ಕೀಲಿ ಬೇರೆಯವರ ಕೈಗೆ ಹೋಗುತ್ತದೆಂದು ಬೇಕರಿಯ ಯಜಮಾನ ಹೇಳಿಬಿಟ್ಟಿದ್ದ.

ಹುಡುಗಿ ಕೆಲಸಗಳ್ಳಿಯಲ್ಲ. ಒಂದೊಂದು ಚಕ್ರವನ್ನೂ ಬಿಚ್ಚಿ ತೊಳೆದಿದ್ದಳು. ಒಣಗಿ ಅಂಟಾಗಿದ್ದ ಎಣ್ಣೆ ಒರೆಸಿ, ಸೂಜಿಮೊನೆಯಷ್ಟು ಹೊಸ ಎಣ್ಣೆ ಇಟ್ಟಿದ್ದಳು. ಅಲಾರಂ ಚಕ್ರದ ಕಚ್ಚಿಗೆ ಗಂಟೆ ಚಕ್ರದ ಉಬ್ಬು ಬಿದ್ದು, ಕೂಗು ಹುಟ್ಟಿಸುವ ಪುಟ್ಟ ಸುತ್ತಿಗೆ ಬಿಡುಗಡೆಯಾಗುವ ಕ್ಷಣವನ್ನು ಹಿಡಿದು, ಆಗಲೇ ಗಂಟೆಯ ಮುಳ್ಳನ್ನೂ ಅಲಾರಂ ಮುಳ್ಳನ್ನೂ ಹನ್ನೆರಡಕ್ಕೆ ಕೂರಿಸಿದ್ದಳು. ಸಾಲದ್ದಕ್ಕೆ, ಹರಿದ ಬೆಲ್ಟು ತೆಗೆದು ಹೊಸದೊಂದು ಉಡುಗೊರೆ ಕೊಟ್ಟಿದ್ದಳು: ಗಡಿಯಾರದ ಅಡಿಯಿಂದ ಹಾದುಹೋಗುವ, ಮೆತ್ತನೆಯ ದಪ್ಪ ಚರ್ಮದ್ದು.

ಗಡಿಯಾರ ಎರಡನೇ ಸಲ ರಿಪೇರಿಗೆ ಬಂದಾಗ ಸುತ್ತಿಗೆಗೂ ಅದು ಬಡಿಯುವ ಹಿಂಬದಿ ಮುಚ್ಚಳದ ಮೊಳೆಗೂ ನಡುವಿನ ಸಂದು ನೋಡಿ, ತಂಗಿ ಸ್ಪ್ರಿಂಗನ್ನೇ ಬದಲಾಯಿಸಿದಳು. ಅಂಗಡಿಯಲ್ಲಿ ಹತ್ತು ಸಲ ಇಟ್ಟರೆ ಹತ್ತು ಸಲವೂ ಕೂಗಿತು. ಅತ್ತೆಯ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ.

ಮೂರನೇ ಸಲ ಮಧ್ಯಾಹ್ನ ಬಂದ ಅತ್ತೆ, ಗಡಿಯಾರವನ್ನು ಮೇಜಿನ ಮೇಲಿಟ್ಟು ಕಿಟಕಿಯ ಬಳಿ ಕೂತಳು. ಹೆದರಿಕೆಯಲ್ಲಿ ಮೂರು ರಾತ್ರಿ ಕಣ್ಣೇ ಮುಚ್ಚಿಲ್ಲವೆಂದಳು.

"ನಿನ್ನ ಹತ್ರ ಬಾಯಿಬಡುಕಿ, ನನ್ನ ಹತ್ರ ಮೂಗಿ. ಏನ್ ಹೇಳ್ಕೊಟ್ಟಿದೀಯೇ ಇದಕ್ಕೆ?"

ಆಮೇಲೆ ಬೀದಿ ನೋಡುತ್ತಾ ಹಿಟ್ಟು, ಯಜಮಾನ, ಅವನ ಮೀಸೆ ಎಂದು ಬಯ್ಯತೊಡಗಿದಳು. ಅತ್ತೆಗೆ ಮಾತಾಡಲು ಬರುತ್ತದೆ, ಕೇಳಲು ಬರುವುದಿಲ್ಲ ಎಂಬುದು ಮನೆಮಂದಿಯ ಹಳೆಯ ತಮಾಷೆ. ಹುಡುಗಿ ಅವಳ ಬೆನ್ನ ಹಿಂದೆ ಅಲಾರಂ ತಿರುಗಿಸಿದಳು.

ಗಡಿಯಾರ ಅಂಗಡಿ ತುಂಬ ಕಿರುಚಿತು. ಎದುರಂಗಡಿಯ ದರ್ಜಿ ಕತ್ತೆತ್ತಿ ನೋಡಿದ. ಅತ್ತೆ ಮೀಸೆಯ ಬಗ್ಗೆಯೇ ಹೇಳುತ್ತಿದ್ದಳು. ಕೋಪವಿರಬೇಕು, ಬೇಕೆಂದೇ ತಿರುಗುತ್ತಿಲ್ಲ ಎಂದುಕೊಂಡು ಹುಡುಗಿ ಮತ್ತೊಮ್ಮೆ ಕೂಗಿಸಿದಳು. ಅತ್ತೆಯ ಮಾತು ಒಂದಕ್ಷರವೂ ತಡವರಿಸಲಿಲ್ಲ.

ಹುಡುಗಿಯ ಕೈಯಲ್ಲಿ ಚಿಮಟ ಹಾಗೇ ನಿಂತಿತು. ಕಿವಿಯೇ ಕೇಳದಿದ್ದರೆ ಇಷ್ಟು ವರ್ಷ ಎದ್ದದ್ದು ಹೇಗೆ? ಗಡಿಯಾರವನ್ನು ಮಗುಚಿದಳು. ಬೆಲ್ಟು ಸರಿಸಿದಾಗ ಹಿಂಬದಿಯ ಮುಚ್ಚಳ ಕಂಡಿತು. ಅಲ್ಲಿ ಕೆತ್ತಿದ್ದ ಅಂಕಿಗಳು ಅತ್ತೆಯ ಮಣಿಕಟ್ಟಿಗೆ ಉಜ್ಜಿ ಉಜ್ಜಿ ಪೂರ್ತಿ ಸವೆದುಹೋಗಿದ್ದವು. ಅಲಾರಂ ತಿರುಗಿಸಿ ಅಂಗೈಯಲ್ಲಿ ಹಿಡಿದಳು. ಜೀರುಂಡೆ ಮೂಳೆಯವರೆಗೂ ಜುಮ್ಮೆಂದಿತು. ನಡುವೆ ಬೆಲ್ಟಿಟ್ಟು ಹಿಡಿದಳು. ಕೂಗು ಕೇಳಿತು, ಅಂಗೈಗೆ ಮಾತ್ರ ಏನೂ ಇಲ್ಲ.

ಪ್ರೀತಿಯಿಂದ ಕೊಟ್ಟ ಉಡುಗೊರೆ ತಂಗಿಯ ಬಾಯಿಗೆ ಬಟ್ಟೆ ತುರುಕಿತ್ತು.

ಅವಳು ಎದ್ದುಹೋಗಿ, ಅತ್ತೆಗೆ ತನ್ನ ತುಟಿ ಕಾಣುವಂತೆ ಎದುರಿಗೆ ಕೂತಳು.

"ಅತ್ತೆ, ತಪ್ಪೆಲ್ಲ ನಂದೇ. ಬೆಲ್ಟ್ ಸರಿ ಇಲ್ಲ. ನಿನ್ನ ಹಳೇದನ್ನೇ ಹೊಲಿದು ಹಾಕ್ತೀನಿ."

ಅತ್ತೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.

"ಯಾರಿಗೂ ಹೇಳ್ಬೇಡ ಕಣೇ ಪುಟ್ಟಿ."

"ಬೆಲ್ಟ್ ವಿಷಯ ಯಾರಿಗೆ ಹೇಳೋಕಿದೆ ಅತ್ತೆ?"

ಹಳೆಯ ಬೆಲ್ಟಿನ ಎರಡು ತುಂಡುಗಳೂ ಡಬ್ಬಿಯಲ್ಲೇ ಇದ್ದವು. ಹರಿದ ಕಡೆ ನಾಲ್ಕು ಹೊಲಿಗೆ ಹಾಕಿ, ಗಡಿಯಾರದ ಎರಡು ಪಕ್ಕಕ್ಕೆ ಸಿಕ್ಕಿಸಿ, ಬರಿಯ ಮುಚ್ಚಳ ಮಣಿಕಟ್ಟಿಗೆ ತಾಗುವಂತೆ ಕಟ್ಟಿದಳು. ಅರ್ಧ ಗಂಟೆ ಮುಂದಕ್ಕೆ ಅಲಾರಂ ಇಟ್ಟಳು. ಅತ್ತೆ ಕುರ್ಚಿಯಲ್ಲೇ ಕತ್ತು ವಾಲಿಸಿ, ಮೂರು ರಾತ್ರಿಯ ನಿದ್ದೆಗೆ ಜಾರಿದಳು. ಬೀದಿಯಲ್ಲಿ ಲಾರಿಯೊಂದು ಹಾರ್ನ್ ಬಾರಿಸುತ್ತಾ ಹೋಯಿತು. ಅವಳ ರೆಪ್ಪೆ ಅಲುಗಲಿಲ್ಲ. ಹುಡುಗಿ ಕೈಕಟ್ಟಿಕೊಂಡು ಕಾದಳು.

ಹೇಳಿದ ಹೊತ್ತಿಗೆ ತಂಗಿ ಎದ್ದಳು. ಅತ್ತೆಯ ಬೆರಳುಗಳು ಮೊದಲು ಅಲುಗಿದವು, ಆಮೇಲೆ ಕಣ್ಣು ತೆರೆಯಿತು.