ನೆನೆದ ಭತ್ತದ ತೂಕ

ನಾನು ಶಾಂತಾರಾಮ. ಭಟ್ಕಳದ ಮಾಮಲೇದಾರ ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆಯುವವನು. ೧೯೬೬ರಲ್ಲಿ ಧಾನ್ಯದ ಮೇಲೆ ಕಂಟ್ರೋಲು ಎಷ್ಟು ಬಿಗಿಯಾಗಿತ್ತೆಂದರೆ ಅವಲಕ್ಕಿ ಕುಟ್ಟುವವರಿಗೂ ಪರ್ಮಿಟ್ ಬೇಕಾಗಿತ್ತು. ನನಗೇನು, ಕೆಲಸ ಹೆಚ್ಚಿತು.

ಶಿರಾಲಿಯ ಗಣಪಿಯ ಅರ್ಜಿ ಬರೆದವನೂ ನಾನೇ. ಗಂಡ ಇಲ್ಲದವಳು, ಹತ್ತಿರದ ಜಾಲಿ ಊರಿನ ಅಂಗಡಿಗಳಿಗೆಲ್ಲ ದೀಪಾವಳಿಯ ಅವಲಕ್ಕಿ ಅವಳದೇ. ಆ ಒಂದು ಕುಟ್ಟಿನಲ್ಲಿ ಮಳೆಗಾಲದವರೆಗಿನ ಅವಳ ಗಂಜಿ ಹುಟ್ಟಬೇಕಿತ್ತು. ನೂರು ಕಿಲೋ ಭತ್ತ ಎಂದು ಬರೆದೆ, ನೂರು ಕಿಲೋಗೆ ಪರ್ಮಿಟ್ ಬಂತು.

ಅವಲಕ್ಕಿಯ ಭತ್ತವನ್ನು ಎರಡು ದಿನ ನೆನೆಹಾಕಿ, ನೀರು ಬಸಿದು, ಹುರಿದು, ಬಿಸಿಯಿದ್ದಾಗಲೇ ಕುಟ್ಟಬೇಕು. ಗಣಪಿ ನೀರು ಬಸಿದು ಒಲೆ ಹಚ್ಚುವ ಹೊತ್ತಿಗೆ ಧಾನ್ಯ ಕಂಟ್ರೋಲಿನ ಇನ್ಸ್‌ಪೆಕ್ಟರು ತಕ್ಕಡಿ ಹಿಡಿದು ಬಂದರು. ತೂಗಿದರೆ ನೂರಾ ಇಪ್ಪತ್ತೆಂಟು ಕಿಲೋ! ಇಪ್ಪತ್ತೆಂಟು ಕಿಲೋ ಕಳ್ಳ ದಾಸ್ತಾನು ಎಂದು ಬರೆದುಕೊಂಡು, ಒದ್ದೆ ಭತ್ತವನ್ನು ಚೀಲಕ್ಕೆ ತುಂಬಿಸಿ, ಬಾಯಿ ಹೊಲಿಸಿ, ಅರಗಿನ ಮುದ್ರೆ ಒತ್ತಿ, ಅವಳ ಮನೆಯಲ್ಲೇ ಬಿಟ್ಟು ಹೋದರು.

ಗಣಪಿ ಓಡುತ್ತ ನನ್ನ ಮೇಜಿಗೆ ಬಂದಳು.

"ಎಂತ ಒಡ್ಯಾ, ನೀರಿಗೂ ಪರ್ಮಿಟ್ ಬೇಕಾ?"

ನಾನು ತಲೆ ಚಚ್ಚಿಕೊಂಡೆ. ‘ಒಣ ಭತ್ತ’ ಎಂದು ಬರೆಯಬೇಕಿತ್ತು. ಅವಲಕ್ಕಿ ತಿಂದು ಬೆಳೆದ ನನಗೆ ಅಷ್ಟು ಹೊಳೆಯಲಿಲ್ಲ. ಅಂದೇ ಇನ್ನೊಂದು ಅರ್ಜಿ ಬರೆದೆ, ದುಡ್ಡು ಕೇಳಲಿಲ್ಲ. ಮಾಮಲೇದಾರರು ಒಳ್ಳೆಯವರೇ, ಓದಿ ನಕ್ಕರು. ಆದರೆ ಮುದ್ರೆ ಒಡೆಯಲು ಮೇಲಿನವರ ಅಪ್ಪಣೆ ಬೇಕು, ಕಾಗದ ಕುಮಟೆಗೆ ಹೋಗಿ ಬರಬೇಕು ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ.

ಗಣಪಿ ಎರಡು ದಿನ ಕಚೇರಿಯ ಜಗಲಿಯಲ್ಲೇ ಕೂತಳು. ಬಿತ್ತನೆಗೆ ಮೊಳಕೆ ಬರಿಸುವಾಗ ನಮ್ಮ ರೈತರು ಮಾಡುವುದೂ ಇನ್ಸ್‌ಪೆಕ್ಟರು ಮಾಡಿದ್ದನ್ನೇ: ಭತ್ತ ನೆನೆಸಿ ಚೀಲಕ್ಕೆ ಕಟ್ಟಿಡುತ್ತಾರೆ. ಅವಳಿಗೂ ಗೊತ್ತು, ನನಗೂ ಗೊತ್ತು.

ಐದನೆಯ ದಿನ ಅಪ್ಪಣೆ ಬಂತು. ನೀರಿನ ಭಾರ ಕಳೆದರೆ ಭತ್ತ ಸರಿಯಾಗಿದೆ, ತಪ್ಪಿಲ್ಲ, ಬಿಟ್ಟುಕೊಡಿ ಎಂದಿತ್ತು. ಇನ್ಸ್‌ಪೆಕ್ಟರ ಜೊತೆ ನಾನೂ ಶಿರಾಲಿಗೆ ಹೋದೆ. ಚೀಲದ ಹೊಲಿಗೆ ಬಿಚ್ಚುವ ಮೊದಲೇ ಗೋಣಿಯ ಕಣ್ಣುಗಳಿಂದ ಬಿಳಿ ಮೊಳಕೆ ಹೊರಗೆ ಬಂದಿತ್ತು. ಹುಳಿ ವಾಸನೆ. ಕುಟ್ಟಲು ಬಂದಿದ್ದ ಹೆಂಗಸರಿಬ್ಬರು ಒನಕೆಗಳನ್ನು ಗೋಡೆಗೆ ಒರಗಿಸಿ ಮನೆಗೆ ಹೋದರು.

ಇನ್ಸ್‌ಪೆಕ್ಟರು ರಸೀದಿ ಬರೆಯಲು ನನಗೇ ಹೇಳಿದರು. ‘ಭತ್ತ ಸುಸ್ಥಿತಿಯಲ್ಲಿ ವಾಪಸು ಸಿಕ್ಕಿತು’ ಎಂಬುದು ಅದರ ಮಾಮೂಲು ಒಕ್ಕಣೆ. ಚೀಲದ ಕಡೆ ಇನ್ನೊಮ್ಮೆ ನೋಡಿದೆ. ಆದರೂ ಬರೆದೆ. ರಸೀದಿ ಕೊಡದಿದ್ದರೆ ಮುಂದಿನ ವರ್ಷ ಅವಳಿಗೆ ಪರ್ಮಿಟ್ ಸಿಗುವುದಿಲ್ಲವಲ್ಲ.

ಗಣಪಿ ನನಗೆ ‘ಓದಿ ಹೇಳಿ’ ಎಂದಳು. ಓದಿದೆ. ಮಸಿಯ ಡಬ್ಬಿಯನ್ನು ಅವಳ ಮುಂದಿಟ್ಟೆ. ಅವಳು ಅದನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು.

"ಬರ್ದದ್ದು ನೀವು ಒಡ್ಯಾ. ಹೆಬ್ಬೆಟ್ಟೂ ನೀವೇ ಒತ್ತಿ."