ಬೆರಳಿಗೆ ಸಿಗದ ಜಾಗ

"ಕೋಟು ಚೆನ್ನಾಗಿದೆ. ಆದರೆ ನೀವು ಸರಿಮಾಡಿದ ಜಾಗ ಎಲ್ಲಿ?" ಎಂದು ಫೋನಿನ ಪರದೆಯಲ್ಲಿದ್ದ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಳು.

ಅಂಗಡಿಯಲ್ಲಿ ಅಪ್ಪ, ಅಮ್ಮನ ಜೊತೆ ಕೂತಿದ್ದ ಮಗಳು ಪೇಚಿಗೆ ಸಿಕ್ಕಿಕೊಂಡಳು. ಹರಿದದ್ದನ್ನು ಗುರುತು ಸಿಗದಂತೆ ನೂಲಿನಿಂದ ಹೆಣೆಯುವ ರಫೂ ಅಂಗಡಿಯಲ್ಲಿ ಬೆಳೆದವರಷ್ಟೇ ಮಾಡಬಹುದಾದ ತಪ್ಪು ಅವಳಿಂದ ಆಗಿತ್ತು. ಯುರೋಪಿನ ಒಂದು ಮ್ಯೂಸಿಯಂನಲ್ಲಿ ಹಳೆಯ ಬಟ್ಟೆಗಳನ್ನು ಕಾಪಾಡುವ ಕೆಲಸವನ್ನು ಒಂದು ವರ್ಷ ಕಲಿಸುತ್ತಾರೆ. ಪ್ರಯಾಣ, ಊಟ, ಕೋಣೆ ಎಲ್ಲ ಅವರದೇ. ಈ ಹೆಂಗಸು ಅಲ್ಲಿಯವಳು. ಅರ್ಜಿಯ ಜೊತೆ ಕೆಲಸದ ಫೋಟೋ ಕಳಿಸಿ ಎಂದಿದ್ದರು. ಇವಳು ರಫೂ ಮುಗಿದ ಬಟ್ಟೆಗಳ ಫೋಟೋ ಕಳಿಸಿ ಕೂತಿದ್ದಳು, ಹರಿದಿದ್ದಾಗಿನದು ಒಂದೂ ಇಲ್ಲ. ಗಿರಾಕಿಯ ಹರುಕನ್ನು ಇನ್ನೊಬ್ಬರಿಗೆ ತೋರಿಸಬಾರದೆಂಬುದು ಆ ಅಂಗಡಿಯ ನಡವಳಿಕೆ. ಪಾಪ, ಅಲ್ಲಿಯವರಿಗೆ ಕಂಡದ್ದು ಒಂದಿಷ್ಟು ಒಳ್ಳೊಳ್ಳೆಯ ಅಂಗಿ, ಕೋಟುಗಳು ಮಾತ್ರ.

ಅವಳು ಕೋಟನ್ನು ಒಳಮಗ್ಗುಲಿಗೆ ತಿರುಗಿಸಿ, ಇನ್ನೂ ಹೊಲಿಯದೆ ಬಿಟ್ಟಿದ್ದ ಅಸ್ತರನ್ನು ಎತ್ತಿ, ಎಡ ಜೇಬಿನ ಕೆಳಗೆ ಇಣುಕುತ್ತಿದ್ದ ನೂಲಿನ ತುದಿಗಳನ್ನು ತೋರಿಸಿದಳು. ಹೆಂಗಸು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕು ಏನೋ ಹೇಳಿದಳು.

"ಏನಂತೆ?" ಎಂದ ಅಪ್ಪ, ಕಿಟಕಿಯ ಕಡೆ ಮುಖ ಮಾಡಿ ಕೂತಲ್ಲಿಂದಲೇ.

"ಅಲ್ಲಿ ಹೊಲಿಗೆ ಕಾಣೋ ಹಾಗೇ ಬಿಡ್ತಾರಂತೆ. ಹಳೇದ್ಯಾವುದು, ಹೊಸದಾಗಿ ಹಾಕಿದ್ಯಾವುದು ಅಂತ ನೋಡೋರಿಗೆ ತಿಳೀಬೇಕಂತೆ."

"ಕಾಣೋ ಹಾಗೆ ಹೊಲಿಯೋದಾದ್ರೆ ಎದುರಂಗಡಿಯವನೂ ಹೊಲೀತಾನೆ. ಅದನ್ನ ಕಲಿಯೋಕೆ ವಿಮಾನ ಹತ್ತಬೇಕಾ?"

"ನಿಮ್ಮನ್ನ ಯಾರೂ ಹತ್ತಿಸ್ತಿಲ್ಲ, ಸುಮ್ನಿರಿ," ಎಂದಳು ಇಸ್ತ್ರಿ ಮಾಡುತ್ತಿದ್ದ ಅಮ್ಮ.

ಅಪ್ಪನ ಸಿಟ್ಟು ಹೊಲಿಗೆಯ ಮೇಲಿನದಲ್ಲ. ಅವನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಬೆರಳಿಗೆ ಈಗಲೂ ಎಲ್ಲ ಕಾಣುತ್ತಿತ್ತು, ಸೂಜಿಯ ಕಣ್ಣೊಂದನ್ನು ಬಿಟ್ಟು. ಅಮ್ಮನ ಕಣ್ಣೂ ಅಷ್ಟಕ್ಕಷ್ಟೇ. ದಿನವಿಡೀ ನೂಲು ಪೋಣಿಸಿ ಕೊಡುತ್ತಿದ್ದವಳು ಮಗಳು. ಅಂಗಡಿ ಹೇಗೋ ನಡೆದೀತು. ಪಕ್ಕದ ಮಣೆ ಖಾಲಿಯಾಗುವುದು ಮಾತ್ರ ಅವನಿಗೆ ಬೇಡವಾಗಿತ್ತು.

ಹೆಂಗಸು ಮತ್ತೆ ಏನೋ ಕೇಳಿದಳು. ಮಗಳು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಕಲಿಸಿದೋರ ಮಾತು ಬೇಕಂತೆ. ಪಕ್ಕದಲ್ಲಿ ಯಾರೂ ಇಲ್ದೆ ನಾನೊಬ್ಳೇ ಕೆಲಸ ಮಾಡಬಲ್ಲೆನಾ ಅಂತ ನೀನೇ ಹೇಳಬೇಕು." ಅವಳ ದನಿ ಸಣ್ಣಗಾಯಿತು. "ನೀನು ಆಗಲ್ಲ ಅಂದ್ರೆ ಇಲ್ಲಿಗೇ ಮುಗೀತು."

ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಬಾಯಲ್ಲಿ ಹೇಳೋದೇನಿದೆ? ಕೋಟು ಕೊಡು," ಎಂದ ಅಪ್ಪ.

ಮಗಳು ಹಿಂದೆಮುಂದೆ ನೋಡುತ್ತ ಕೋಟನ್ನು ಅವನತ್ತ ಚಾಚಿದಳು. ಕೆಲಸ ಮುಗಿದ ಬಟ್ಟೆಯ ಮೇಲೆ ಅಪ್ಪ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸುತ್ತಾನೆ. ರಫೂ ಬೆರಳಿಗೆ ತಗುಲಿದರೆ "ಸಿಕ್ತು" ಅನ್ನುತ್ತಾನೆ. ಸಿಕ್ಕಿದರೆ ಬಿಚ್ಚಿ ಮತ್ತೆ ಹಾಕಬೇಕು. ಕಲಿಯಲು ಕೂತಂದಿನಿಂದ ಅವಳು ಬೇರೆ ಮಾತನ್ನೇ ಕೇಳಿರಲಿಲ್ಲ. ಆ ಹೆದರಿಕೆಗೇ ಈ ಕೋಟನ್ನು ಅವನ ಕೈಗೆ ಕೊಡದೆ ಇಟ್ಟುಕೊಂಡಿದ್ದಳು.

ಅಪ್ಪ ಕೋಟನ್ನು ತೊಡೆಯ ಮೇಲೆ ಹರಡಿ ಕಣ್ಣು ಮುಚ್ಚಿದ. ಹೆಬ್ಬೆರಳು ಕಾಲರಿನಿಂದ ಹೊರಟು, ಭುಜ ದಾಟಿ, ಎದೆಯ ಮೇಲಿಂದ ನಿಧಾನವಾಗಿ ಇಳಿಯಿತು. ಎಡ ಜೇಬಿನ ಕೆಳಗೆ ಬಂದು ನಿಂತಿತು. ಅದೇ ಜಾಗ. ಬೆರಳು ಅಲ್ಲಿಯೇ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಆಡಿತು. ಆಮೇಲೆ ಅಂಚಿನವರೆಗೂ ಇಳಿದುಹೋಯಿತು.

"ಸಿಗಲಿಲ್ಲ," ಎಂದ ಅಪ್ಪ. "ಹಂಗಂತ ಹೇಳು ಅವರಿಗೆ."

ಮಗಳು ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿ ಮುಗಿಸಿದಾಗ ಹೆಂಗಸು ತಲೆಯಾಡಿಸಿ, ಹೊರಡುವ ತಾರೀಕಿನ ಮಾತಿಗೆ ಬಂದಳು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಇಸ್ತ್ರಿಯ ಶಾಖ ಜಾಸ್ತಿಯಾಯಿತೆಂದಳು.

ಫೋನು ಇಟ್ಟು ಮಗಳು ತನ್ನ ಮಣೆಗೆ ಬಂದಳು. ಅಪ್ಪ ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ನೂಲು ಸೂಜಿಯ ಪಕ್ಕದಲ್ಲೇ ಜಾರಿ ಹೋಯಿತು. ಅವಳು ಎಂದಿನಂತೆ ಕೈ ಚಾಚಿದಳು.

"ಬೇಡ ಬಿಡು," ಎಂದ ಅಪ್ಪ. "ರೂಢಿ ಮಾಡ್ಕೋತೀನಿ."

ನೂಲನ್ನು ಮತ್ತೆ ಒದ್ದೆ ಮಾಡಿದ.