ಬೆಳೆಯುವ ಮಕ್ಕಳಿಗೆ ಮೂರು ಬೆರಳು

ಮೂವತ್ತೈದು ವರ್ಷಗಳಲ್ಲಿ ಟೇಪಕ್ಕನ ಅಂಗಡಿಯಿಂದ ಹೋದ ಒಂದು ಬಟ್ಟೆಯೂ ಅಳತೆ ಸರಿಯಿಲ್ಲವೆಂದು ವಾಪಸ್ ಬಂದಿರಲಿಲ್ಲ. ಇದನ್ನು ಅವಳು ತಾನಾಗಿ ಯಾರಿಗೂ ಹೇಳುತ್ತಿರಲಿಲ್ಲ. ಎದುರಿಗಿದ್ದವರು ಕೇಳಲೇಬೇಕಾಗುವ ಹಾಗೆ ಮಾತನ್ನು ತಿರುಗಿಸಿ, ಅವರು ಕೇಳಿದ ಮೇಲೆ, ಬೇಡವೆನ್ನುತ್ತಲೇ ಹೇಳುತ್ತಿದ್ದಳು. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬಂದ ಹೆಸರು ಟೇಪಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೇ ಅಪರೂಪಕ್ಕೆ ನೆನಪಾಗುತ್ತಿತ್ತು.

ಶಾಲೆಯ ಸಮವಸ್ತ್ರ ಅವಳ ಮುಖ್ಯ ಕಸುಬು. ಅದರಲ್ಲಿ ಅವಳದೇ ಒಂದು ಪದ್ಧತಿ ಇತ್ತು. ತಾಯಂದಿರು ಏನೇ ಹೇಳಲಿ, ಲಂಗದ ಅಂಚಿನಿಂದ ಸ್ವಲ್ಪ ಮೇಲೆ ಮೂರು ಬೆರಳಷ್ಟು ಬಟ್ಟೆಯನ್ನು ಒಳಗೆ ಮಡಿಸಿ, ಅದೇ ಬಣ್ಣದ ತೆಳು ನೂಲಿನಿಂದ ಕಚ್ಚಾ ಹೊಲಿಗೆ ಹಾಕಿಬಿಡುತ್ತಿದ್ದಳು. ಹೊರಗಿನಿಂದ ನೋಡಿದರೆ ಮಡಿಕೆ ಇದೆಯೆಂದೇ ತಿಳಿಯದು. ಮುಂದಿನ ವರ್ಷ ಮಗು ಬೆಳೆದಾಗ ನೂಲಿನ ತುದಿ ಹಿಡಿದು ಒಂದೇ ಎಳೆತ; ಲಂಗವೂ ಮಗುವಿನ ಜೊತೆ ಬೆಳೆಯುತ್ತಿತ್ತು. ಬೆಳೆಯುವ ಮಕ್ಕಳಿಗೆ ಬಿಗಿಯಾಗಿ ಹೊಲಿಯುವವರು ದರ್ಜಿಗಳೇ ಅಲ್ಲ ಎಂಬುದು ಅವಳ ಖಚಿತ ಅಭಿಪ್ರಾಯ.

ಅವಳ ತಮ್ಮನಿಗೆ ಮಕ್ಕಳಿರಲಿಲ್ಲ; ಮದುವೆಯೇ ಆಗಿರಲಿಲ್ಲ. ಅವನು ಮುಳುಗುವ ಕೆಲಸದವನು. ಸಿಕ್ಕಿಹಾಕಿಕೊಂಡ ಲಂಗರು ಬಿಡಿಸುವುದು, ದೋಣಿಯ ತಳ ಕೆರೆಯುವುದು, ನೀರಿಗೆ ಬಿದ್ದ ಎಂಜಿನ್ ಎತ್ತಿಕೊಡುವುದು, ಇಂಥವು. ಮೂರು ವರ್ಷದಿಂದ ಅವನಿಗೆ ಹವಳದ ಹುಚ್ಚು ಹಿಡಿದಿತ್ತು. ಬಂದರಿನ ಗೋಡೆಯಾಚೆ, ಎರಡಾಳು ಆಳದಲ್ಲಿ, ಹನ್ನೆರಡು ಕಬ್ಬಿಣದ ಮೇಜುಗಳನ್ನು ನಿಲ್ಲಿಸಿ, ಅಲೆಗೆ ಮುರಿದು ಬಿದ್ದ ಹವಳದ ತುಂಡುಗಳನ್ನು ಅವುಗಳ ಮೇಲೆ ಕಟ್ಟಿ ಬೆಳೆಸುತ್ತಿದ್ದ. ಸಾಕಷ್ಟು ಬೆಳೆದವನ್ನು ಒಯ್ದು ಹಳೆಯ ಹವಳದ ದಿಬ್ಬದಲ್ಲಿ ನೆಡುವ ಯೋಜನೆ. ಊರಿನವರೂ ಜೊತೆಗೂಡಿದ್ದರು. ಮೀನುಗಾರರು ಅತ್ತ ಲಂಗರು ಹಾಕುವುದನ್ನು ಬಿಟ್ಟಿದ್ದರು. ಕಟಿಂಗ್ ಶಾಪಿನವನು ಬಾಗಿಲಿಗೆ ತೂಗುಹಾಕಿದ ಹಲಗೆಯ ಮೇಲೆ ದಿನವೂ ಸಮುದ್ರದ ಬಿಸಿ ಎಷ್ಟು ಡಿಗ್ರಿ ಎಂದು ಬರೆಯುತ್ತಿದ್ದ. ಗಡ್ಡ ಬೋಳಿಸಿಕೊಳ್ಳುವವರು ಮೊದಲು ಅದನ್ನು ಓದಿ, ಆಮೇಲೆ ಕುರ್ಚಿಯಲ್ಲಿ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಈ ತಮ್ಮ ಅವಳ ಅಂಗಡಿಗೆ ಬಂದು, ಒದ್ದೆ ಚಡ್ಡಿಯಲ್ಲೇ ಸ್ಟೂಲಿನ ಮೇಲೆ ಕೂತ.

"ಅಕ್ಕಾ, ನನ್ನ ಮಕ್ಕಳಿಗೆ ಬಿಸಿಲು ತಡೀತಿಲ್ಲ. ಕೊಡೆ ಹೊಲ್ಕೊಡು."

"ಮದುವೆ ಆಗೋ ಅಂದ್ರೆ ನೀರೊಳಗೆ ಹೋಗಿ ಬಚ್ಚಿಟ್ಕೊಂಡವನಿಗೆ ಎಲ್ಲಿಯ ಮಕ್ಕಳು? ಮೊದಲು ಸ್ಟೂಲಿಂದ ಏಳು, ಅದು ಗಿರಾಕಿಗಳದ್ದು."

"ತಮಾಷೆ ಅಲ್ಲ. ಇನ್ನು ಆರು ದಿನಕ್ಕೆ ನೀರು ಮೂವತ್ತೊಂದು ಡಿಗ್ರಿ ದಾಟುತ್ತಂತೆ. ಮೇಡಂ ಹೇಳಿದ್ರು."

ಮೇಡಂ ಅಂದರೆ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಹವಳದ ಕೆಲಸದ ಮುಂದಾಳು. ಅವರೂ ಹಿಂದೆಯೇ ಬಂದು, ಟೇಪಕ್ಕನಿಗೆ ವಿಷಯವನ್ನು ತಿಳಿಯಾಗಿ ಹೇಳಿದರು. ಹವಳ ಕಲ್ಲಿನಂತೆ ಕಂಡರೂ ಜೀವವಿರುವ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತದೆ, ಬಾಡಿಗೆಯೆಂದು ಮನೆಯೊಡೆಯನಿಗೂ ಬಡಿಸುತ್ತದೆ, ಮೈಗೆ ಬಣ್ಣವನ್ನೂ ಕೊಡುತ್ತದೆ. ನೀರು ಅತಿಯಾಗಿ ಬಿಸಿಯಾಗಿ, ಮೇಲೆ ಬಿಸಿಲೂ ಉರಿದರೆ, ಅಡುಗೆಮನೆಯಿಂದ ವಿಷ ಬರತೊಡಗುತ್ತದೆ; ಮನೆಯೊಡೆಯ ಬಾಡಿಗೆದಾರನನ್ನು ಹೊರಹಾಕುತ್ತಾನೆ. ಆಮೇಲೆ ಬೆಳ್ಳಗೆ ಬಿಳಿಚಿಕೊಂಡು, ಉಪವಾಸ ಕೂರುತ್ತಾನೆ. ನೀರು ಬೇಗ ತಣಿದರೆ ಇಬ್ಬರೂ ರಾಜಿಯಾಗುತ್ತಾರೆ. ತಣಿಯದಿದ್ದರೆ ಮನೆಯೇ ಖಾಲಿ.

"ನೀರು ತಣ್ಣಗೆ ಮಾಡೋದು ನಮ್ಮ ಕೈಲಾಗಲ್ಲ," ಅಂದರು ಮೇಡಂ. "ಬಿಸಿಲನ್ನ ಒಂದಿಷ್ಟು ತಡೀಬಹುದು. ಶೇಡ್ ನೆಟ್ ತಂದಿದೀವಿ. ಪ್ರತಿ ಮೇಜಿಗೂ ನಾಲ್ಕು ಗೂಟ ಇದೆ. ಹವಳಕ್ಕಿಂತ ಸರಿಯಾಗಿ ಒಂದಡಿ ಮೇಲೆ ನೆಟ್ ಬಿಗಿಯಾಗಿ ನಿಲ್ಲಬೇಕು. ಎರಡು ಮೀಟರಿಗೆ ಎರಡು ಮೀಟರ್, ಹನ್ನೆರಡು."

"ಮಕ್ಕಳು ವರ್ಷಕ್ಕೆ ಎಷ್ಟು ಬೆಳೀತಾವೆ?" ಟೇಪಕ್ಕ ಸಹಜವಾಗಿ ಕೇಳಿದಳು.

"ಚೆನ್ನಾಗಿ ಬೆಳೀತಾವೆ," ಅಂದ ತಮ್ಮ, ಎದೆಯುಬ್ಬಿಸಿ. "ಹೋದ ವರ್ಷಕ್ಕೂ ಈ ವರ್ಷಕ್ಕೂ ಗುರುತೇ ಸಿಗಲ್ಲ."

ಅನಾಹುತಕ್ಕೆ ಅಷ್ಟು ಸಾಕಾಯಿತು.

ಟೇಪಕ್ಕ ಹಸಿರು ಬಲೆಯನ್ನು ಹಾಸಿ ಕತ್ತರಿಸುವಾಗ ಎರಡು ಮೀಟರಿಗಿಂತ ಉದ್ದವಾಗಿಯೇ ಕತ್ತರಿಸಿದಳು. ಪ್ರತಿಯೊಂದು ಬದಿಯಲ್ಲೂ ಮೂರು ಬೆರಳು ನುಂಗುವಂತೆ ಮಡಿಕೆ ಹಿಡಿದು, ಹಸಿರು ನೂಲಿನಿಂದ ಕಚ್ಚಾ ಹೊಲಿಗೆ ಹಾಕಿದಳು. ಮುಂದಿನ ವರ್ಷ ತಮ್ಮ ಮತ್ತೆ ಸ್ಟೂಲು ಒದ್ದೆ ಮಾಡಲು ಬಂದಾಗ ನೂಲೆಳೆದು ಅವನನ್ನು ಬೆರಗುಗೊಳಿಸಬೇಕು ಎಂದು ಒಳಗೊಳಗೇ ನಕ್ಕಳು.

ಬಂದರಿನಲ್ಲಿ ಮೀನುಬಲೆ ಹೆಣೆಯುವ ಶೆಡ್ಡಿನಲ್ಲಿ ಗೂಟ ನೆಟ್ಟು ಪರೀಕ್ಷೆ ಮಾಡಿದರು. ಹನ್ನೆರಡೂ ತಮಟೆಯಷ್ಟು ಬಿಗಿಯಾಗಿ ಕೂತವು. ಮೇಡಂ ಒಂದರ ಮೇಲೆ ಬೆರಳಿನಿಂದ ಬಾರಿಸಿ ನೋಡಿ ತಲೆದೂಗಿದರು.

"ಮೂವತ್ತೈದು ವರ್ಷದಲ್ಲಿ..." ಎಂದು ಶುರು ಮಾಡಿದಳು ಟೇಪಕ್ಕ.

"ಗೊತ್ತು," ಎಂದರು ಶೆಡ್ಡಿನಲ್ಲಿದ್ದವರೆಲ್ಲ ಒಟ್ಟಿಗೆ.

ಐದನೆಯ ದಿನ ತಮ್ಮನೂ ಅವನ ಸಂಗಡಿಗರೂ ನೆರಳುಬಟ್ಟೆಗಳನ್ನು ನೀರಿನಡಿ ಕಟ್ಟಿ ಬಂದರು. ಆರನೆಯ ದಿನ ಬೆಳಿಗ್ಗೆ ತಮ್ಮ ಒಬ್ಬನೇ ನೋಡಿ ಬರಲು ಹೋದವನು ಮುಖ ಸಣ್ಣದು ಮಾಡಿಕೊಂಡು ಶೆಡ್ಡಿಗೆ ಬಂದ. ಟೇಪಕ್ಕ ಅಲ್ಲೇ ಇದ್ದಳು. ಹೊಗಳಿಕೆ ಏನಾದರೂ ಉಳಿದಿದ್ದರೆ ಕೇಳಿಸಿಕೊಂಡು ಹೋಗೋಣವೆಂದು.

"ಮೇಡಂ, ಹನ್ನೆರಡೂ ಸಡಿಲ ಆಗಿವೆ. ಅಲೆ ಬಂದಾಗ ಉಬ್ಬುತ್ತೆ, ಅಲೆ ಹೋದಾಗ ಜೋತು ಬಿದ್ದು ಹವಳದ ಮೇಲೆ ಉಜ್ಜುತ್ತೆ. ಮೂರನೇ ಮೇಜಲ್ಲಂತೂ ಆಗಲೇ ಮೈ ಕೆತ್ತಿದ ಹಾಗಾಗಿದೆ."

"ಒದ್ದೆಯಾಗಿ ಹಿಗ್ಗಿತಾ?"

"ಇದು ಪ್ಲಾಸ್ಟಿಕ್ ಬಲೆ, ಹಿಗ್ಗಲ್ಲ. ನಾನೇ ಗಂಟು ಸರಿಯಾಗಿ ಹಾಕಿಲ್ಲ, ಇನ್ನೇನು. ಅಕ್ಕನ ಹೊಲಿಗೆ ನಾವೇ ನೋಡಿದೀವಲ್ಲ, ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ."

ಟೇಪಕ್ಕನ ಕೈ ತಾನಾಗಿ ಕೊರಳ ಟೇಪಿಗೆ ಹೋಯಿತು. ನೂಲು. ಮಕ್ಕಳ ಲಂಗವನ್ನು ಅಲೆ ಎಳೆಯುವುದಿಲ್ಲ. ಎಳೆದರೂ ಹಗಲೂ ರಾತ್ರಿ ಬಿಡದೆ ಎಳೆಯುವುದಿಲ್ಲ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಲೆಂದೇ ಹಾಕಿದ ಹೊಲಿಗೆ, ಹೇಳಿದ ಮಾತು ಕೇಳಿ ಬಿಚ್ಚಿಕೊಂಡಿತ್ತು.

ಮೇಡಂ ಸೀಮೆಸುಣ್ಣ ತೆಗೆದುಕೊಂಡು ಶೆಡ್ಡಿನ ಬಾಗಿಲ ಮೇಲೆ ತ್ರಿಕೋನ ಬರೆದರು. "ಎಷ್ಟು ಜೋತು ಬಿದ್ದಿದೆ?"

"ಒಂದಡಿಗಿಂತ ಬೆರಳಷ್ಟು ಜಾಸ್ತಿ."

"ಹಾಗಿದ್ರೆ ಬಟ್ಟೆ ಎಷ್ಟು ಉದ್ದ ಆಗಿರಬೇಕು ನೋಡೋಣ." ಲೆಕ್ಕ ಇಳಿಯುತ್ತ ಬಂತು. ಎರಡು ಮೀಟರಿನ ಬಟ್ಟೆ ಹತ್ತೇ ಹತ್ತು ಸೆಂಟಿಮೀಟರ್ ಹೆಚ್ಚಾದರೆ ಸಾಕು, ನಡುವೆ ಮೂವತ್ತೆರಡು ಸೆಂಟಿಮೀಟರ್ ಜೋತುಬೀಳುತ್ತದೆ. ಸ್ವಲ್ಪ ಸಡಿಲಕ್ಕೆ ಇಷ್ಟು ದೊಡ್ಡ ಜೋಲಿ. ತ್ರಿಕೋನದ ಕುಚೇಷ್ಟೆ ಅದು. ಮೇಡಂ ಹತ್ತು ಎಂಬ ಅಂಕೆಯ ಸುತ್ತ ಗೆರೆ ಎಳೆದು, ತಮ್ಮ ಬೆರಳುಗಳನ್ನೇ ಒಂದೊಂದಾಗಿ ನೋಡಿಕೊಂಡರು. "ಹೆಚ್ಚುಕಮ್ಮಿ ಆರು ಬೆರಳು. ಹನ್ನೆರಡಕ್ಕೂ ಅಷ್ಟೇ. ಗಂಟು ಸಡಿಲ ಆಗೋದು ಇಷ್ಟು ಶಿಸ್ತಾಗಿ ಆಗುತ್ತಾ?"

"ನನ್ನ ತಪ್ಪಲ್ಲೂ ಶಿಸ್ತಿದೆ ಬಿಡಿ," ಎಂದು ನಗಲು ನೋಡಿದ ತಮ್ಮ. "ಹೋಗಿ ಬಿಗಿ ಮಾಡ್ತೀನಿ."

ಮೇಡಂ ಒಮ್ಮೆ ಟೇಪಕ್ಕನ ಕಡೆ ನೋಡಿದರು. ಟೇಪಕ್ಕ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟಿದ್ದೇನೆಂದು ಹೇಳಿ ಎದ್ದಳು. ಇಟ್ಟಿರಲಿಲ್ಲ.

ಆ ದಿನ ಅವಳು ಒಂದು ಗುಂಡಿಯನ್ನು ನಾಲ್ಕು ಸಲ ಹೊಲಿದಳು. ಕಟಿಂಗ್ ಶಾಪಿನ ಮುಂದೆ ಮೂರು ಸಲ ಹಾದುಹೋದಳು. ಹಲಗೆಯ ಮೇಲೆ ಮೂವತ್ತೊಂದು ಪಾಯಿಂಟ್ ಎರಡು ಎಂದಿತ್ತು.

"ಏನಕ್ಕಾ, ಕಟಿಂಗ್ ಮಾಡಿಸ್ತೀರಾ?" ಎಂದು ಕೇಳಿದ ಅಂಗಡಿಯವನು.

"ನಿನ್ನ ಕತ್ತರಿ ಮೊಂಡು," ಎಂದು ಹೇಳಿ ಮನೆಗೆ ನಡೆದಳು.

ಸಂಜೆ ತಮ್ಮ ಊಟಕ್ಕೆ ಬಂದ. ಹನ್ನೆರಡು ಮೇಜಿಗೆ ನಲವತ್ತೆಂಟು ಗಂಟು. ಒಂಬತ್ತನೆಯ ಮೇಜಿನವರೆಗೆ ಬಿಗಿ ಮಾಡುವಷ್ಟರಲ್ಲಿ ಮೊದಲನೆಯದು ಮತ್ತೆ ಜೋತಿತ್ತಂತೆ. ಬಟ್ಟೆಯೇ ಹೆಚ್ಚಾದಾಗ ಗಂಟು ಏನು ಮಾಡೀತು. ಕಿವಿ ನೋಯುತ್ತಿದೆಯೆಂದು ತಲೆ ವಾಲಿಸಿಕೊಂಡೇ ಉಂಡ.

"ಮೂರು ವರ್ಷ ಅಕ್ಕಾ," ಅಂದ, ತಟ್ಟೆ ನೋಡುತ್ತ. "ಒಂದು ಗಂಟು ಹಾಕಕ್ಕೆ ಬರದವನು ನಾನು."

ಹೇಳಬೇಕೆಂದು ಬಾಯಿ ತೆರೆದಳು. "ಇನ್ನೊಂದು ಸೌಟು ಹಾಕ್ಲಾ?" ಎಂಬುದಷ್ಟೇ ಹೊರಬಂತು.

ಮರುದಿನ ಬೆಳಿಗ್ಗೆ ತಮ್ಮ, ಮೇಡಂ, ಸಂಗಡಿಗರು ಸೇರಿದ್ದ ದೋಣಿ ಹೊರಡುವ ಹೊತ್ತಿಗೆ ಟೇಪಕ್ಕ ಬಂದರಿಗೆ ಬಂದಳು. ಕೈಯಲ್ಲಿ ದಪ್ಪ ಸೂಜಿಗಳ ಡಬ್ಬಿ, ಮೀನು ಹಿಡಿಯುವ ನೈಲಾನ್ ದಾರದ ಉಂಡೆ. ನೆಲದ ಮೇಲಿನ ವ್ಯವಹಾರದಲ್ಲಿ ಯಾರಿಗೂ ಬಗ್ಗದವಳು ದೋಣಿ ಕಂಡರೆ ದೂರ ಸರಿಯುತ್ತಿದ್ದಳು. ಜೋಕಾಲಿಯಲ್ಲಿ ಕೂತರೂ ಅವಳಿಗೆ ಹೊಟ್ಟೆ ತೊಳಸುತ್ತಿತ್ತು.

"ನಿನ್ನ ಗಂಟಿನ ತಪ್ಪಲ್ಲ," ಅಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಒಳಗೆ ಮಡಿಕೆ ಇಟ್ಟಿದ್ದೆ. ಬದಿಗೆ ಮೂರು ಬೆರಳು. ಕಚ್ಚಾ ಹೊಲಿಗೆ. ನೀನು ಮಕ್ಕಳು ಮಕ್ಕಳು ಅಂತಿದ್ದೆ. ಬೆಳೀತಾವೆ ಅಂದೆ."

ತಮ್ಮ ಲಂಗರಿನ ಹಗ್ಗ ಕೆಳಗಿಟ್ಟು ಅವಳತ್ತ ತಿರುಗಿದ.

"ನಿನ್ನೆಯೇ ಹೇಳಬಹುದಿತ್ತು. ನಾನು ಹೇಳಲಿಲ್ಲ. ಬೈಯೋದಿದ್ರೆ ಬೈದು ಮುಗಿಸು, ಆಮೇಲೆ ಕೆಲಸ ಶುರು ಮಾಡೋಣ. ಬಟ್ಟೆ ದಡಕ್ಕೆ ತರಬೇಡಿ, ಅಷ್ಟು ಹೊತ್ತು ಬಿಸಿಲು ಬೀಳುತ್ತೆ. ಒಂದೊಂದೇ ಮೇಲೆ ತಂದುಕೊಡು, ದೋಣಿಯಲ್ಲೇ ಹೊಲೀತೀನಿ."

"ಬೈಯೋ ಸರದಿ ನನಗೂ ಬರಬೇಕು," ಅಂದರು ಮೇಡಂ. "ಇಪ್ಪತ್ತೆಂಟು ವರ್ಷ ನೀವು ಹೊಲಿದ ಲಂಗಗಳ ಮುಂದೆ ನಿಂತು ಪಾಠ ಮಾಡಿದೀನಿ. ಆ ಮೂರು ಬೆರಳು ನನಗೆ ಗೊತ್ತಾಗಲ್ವಾ? ನಿನ್ನೆ ಲೆಕ್ಕ ಮುಗಿದಾಗಲೇ ಗೊತ್ತಾಯ್ತು. ನೀವಾಗೇ ಹೇಳಲಿ ಅಂತ ಕಾದೆ. ಸೌಜನ್ಯ ಅಂದ್ಕೊಂಡೆ. ಹವಳಕ್ಕೆ ನಮ್ಮ ಸೌಜನ್ಯ ಕಟ್ಟಿಕೊಂಡು ಏನಾಗಬೇಕು."

ತಮ್ಮ ಅಕ್ಕನಿಗೆ ಕೈ ಚಾಚಿದ. "ದೋಣಿ ಹತ್ತು. ಮೂವತ್ತೈದು ವರ್ಷದಲ್ಲಿ..."

"ಬಾಯಿ ಮುಚ್ಚು," ಅಂದಳು ಟೇಪಕ್ಕ, ಹತ್ತುತ್ತ.

ಎರಡು ಬೆಳಗು ಅವಳು ದೋಣಿಯಲ್ಲಿ ಕೂತು ಹೊಲಿದಳು. ಬಟ್ಟೆ ಮೇಲೆ ಬರುತ್ತಿತ್ತು, ಮಡಿಕೆ ಹಿಡಿಯುತ್ತಿದ್ದಳು, ನೈಲಾನ್ ದಾರದಲ್ಲಿ ಎರಡೆರಡು ಸಾಲು ಹಾಕುತ್ತಿದ್ದಳು, ನಡುನಡುವೆ ಅಂಚಿಗೆ ಬಾಗಿ ಹೊಟ್ಟೆಯೊಳಗಿನದನ್ನು ಸಮುದ್ರಕ್ಕೆ ಒಪ್ಪಿಸುತ್ತಿದ್ದಳು. ಮೀನುಗಳು ಅವಳನ್ನು ಬೇಗ ಗುರುತು ಹಿಡಿದವು ಎಂದು ತಮ್ಮ ವರದಿ ಮಾಡಿದ.

ಎರಡನೆಯ ದಿನ ಅವನು ತಳಕ್ಕೆ ಗಾಜು ಕೂರಿಸಿದ ಮರದ ಪೆಟ್ಟಿಗೆಯೊಂದನ್ನು ನೀರಿಗೆ ಒತ್ತಿ ಹಿಡಿದು, "ನೋಡು, ಯಾರಿಗೆ ಹೊಲಿದೆ ಅಂತಾದ್ರೂ ನೋಡು," ಅಂದ.

ಟೇಪಕ್ಕ ಬಗ್ಗಿ ನೋಡಿದಳು. ಕೆಳಗೆ, ಶಾಲೆಯ ಬೆಂಚುಗಳಂತೆ ಸಾಲಾಗಿ, ಹನ್ನೆರಡು ಮೇಜುಗಳು. ಅವುಗಳ ಮೇಲೆ, ಬಲೆಯ ಕಣ್ಣುಗಳೊಳಗಿಂದ ಕಾಣುವಂತೆ, ಕಂದು, ನಸುಹಳದಿ, ನೇರಳೆ ಬಣ್ಣದ ಸಣ್ಣ ಸಣ್ಣ ಕವಲುಗಳು. ಅವಳು ಬಹಳ ಹೊತ್ತು ನೋಡಿದಳು.

"ಇಷ್ಟೇನಾ?"

"ಇಷ್ಟೇನಾ ಅಂದ್ರೆ?"

"ಒಂದೊಂದೂ ಗೇಣುದ್ದ ಇಲ್ಲ. ಗುರುತೇ ಸಿಗಲ್ಲ ಅಂದೆಯಲ್ಲೋ. ಇದು ಮೂರು ವರ್ಷದ ಬೆಳವಣಿಗೆಯಾ?"

"ಈ ಜಾತಿಗೆ ಇದು ಭಾರಿ ಬೆಳವಣಿಗೆ."

"ನಿನ್ನ ಮಾತು ನಂಬಿ ರಾಕ್ಷಸರಿಗೆ ಹೊಲಿದಿದೀನಿ ನಾನು," ಅಂದಳು. ಆದರೆ ಪೆಟ್ಟಿಗೆಯಿಂದ ಮುಖ ಎತ್ತಲಿಲ್ಲ. ಮೂರನೆಯ ಮೇಜಿನ ಮೇಲೆ ಬಣ್ಣವಿರಲಿಲ್ಲ. ಬಟ್ಟೆ ಉಜ್ಜಿದಲ್ಲೆಲ್ಲ ಬಿಳಿಯ ಗಾಯ, ಅದರ ಸುತ್ತ ಲೋಳೆ. ಅದನ್ನು ಯಾರೂ ಅವಳಿಗೆ ತೋರಿಸಲಿಲ್ಲ. ತೋರಿಸುವ ಅಗತ್ಯವಿರಲಿಲ್ಲ, ತನ್ನ ಒಂದು ದಿನದ ಮೌನ ಯಾವ ಅಳತೆಯದೆಂದು ಅವಳಿಗೆ ಕಂಡಿತು.

ನೀರು ಹತ್ತೊಂಬತ್ತು ದಿನ ಬಿಸಿಯಾಗಿಯೇ ಇತ್ತು. ಟೇಪಕ್ಕ ದಿನವೂ ಕಟಿಂಗ್ ಶಾಪಿನ ಹಲಗೆ ನೋಡಿಯೇ ಅಂಗಡಿ ತೆರೆಯುತ್ತಿದ್ದಳು. ಇಪ್ಪತ್ತನೆಯ ದಿನ ಇಪ್ಪತ್ತೊಂಬತ್ತು ಪಾಯಿಂಟ್ ಆರು ಎಂದು ಬರೆದಿತ್ತು. ಅವಳು ಒಳಗೆ ಹೋಗಿ, ಅಂಗಡಿಯವನ ಹರಿದ ಏಪ್ರನ್ನನ್ನು ಕೇಳದೆಯೇ ಬಿಚ್ಚಿಕೊಂಡು ಹೊಲಿಯಲು ತಂದಳು.

ಮೇಡಂ ಒಂದೊಂದು ಮೇಜನ್ನೂ ಎಣಿಸಿ ಬರೆದರು. ನಾಲ್ಕು ಮೇಜುಗಳಲ್ಲಿ ಬಣ್ಣ ಮಾಸಿದ್ದರೂ ಜೀವವಿತ್ತು. ಏಳು ಮೇಜುಗಳು ಹಾಗೆಯೇ ಇದ್ದವು. ನೆರಳಿಲ್ಲದ ಹಳೆಯ ದಿಬ್ಬದಲ್ಲಿ ಅರ್ಧದಷ್ಟು ಬಿಳಿಚಿತ್ತು. ಮೂರನೆಯ ಮೇಜು ಸತ್ತಿತ್ತು. ಮೇಡಂ ಅದರ ಎದುರು ಕಾರಣ ಬರೆಯುವ ಜಾಗದಲ್ಲಿ "ಬಿಸಿಯಲ್ಲ, ಉಜ್ಜಿದ್ದು, ಹೇಳುವುದು ತಡವಾಗಿದ್ದು" ಎಂದು ಬರೆದು, ಕೆಳಗೆ ತಮ್ಮದೇ ಹೆಸರು ಹಾಕಿದರು. ಟೇಪಕ್ಕ ಪೆನ್ನು ಇಸಿದುಕೊಂಡು ಅದರ ಕೆಳಗೆ ತನ್ನದನ್ನೂ ಹಾಕಿದಳು. ಅಪ್ಪ ಅಮ್ಮ ಇಟ್ಟ ಹೆಸರನ್ನು ಅಲ್ಲಿ ಮೊದಲ ಸಲ ಓದಿದವರು ಇದು ಯಾರೆಂದು ಕೇಳಿದರು.

ಬಟ್ಟೆಗಳನ್ನು ತೊಳೆದು, ಒಣಗಿಸಿ, ಮುಂದಿನ ಬೇಸಿಗೆಗೆಂದು ಅಂಗಡಿಯಲ್ಲಿ ಮಡಿಸಿಡುವಾಗ, ಸ್ಟೂಲಿನ ಮೇಲೆ ಕೂತಿದ್ದ ತಮ್ಮ ಮೂರನೆಯದರ ಬದಿಯಲ್ಲಿ ಬೆರಳಾಡಿಸಿದ. ನೈಲಾನಿನ ಎರಡು ಸಾಲು ಹೊಲಿಗೆಯ ಹಿಂದೆ ದಪ್ಪಗೆ ಏನೋ ಸಿಕ್ಕಿತು.

"ಅಕ್ಕಾ, ಮಡಿಕೆ ಇನ್ನೂ ಇದೆಯಲ್ಲ. ಕತ್ತರಿಸಿ ಹಾಕಿಲ್ವಾ?"

"ಯಾಕೆ ಕತ್ತರಿಸಲಿ?" ಟೇಪಕ್ಕ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. "ಮೂರನೇ ಮೇಜಿಗೆ ಹೊಸ ತುಂಡು ಕಟ್ಟು. ಅವು ಬೆಳೆದಾಗ ಹೇಳು, ನಾನೇ ಬಂದು ಬಿಚ್ತೀನಿ."

"ಅಷ್ಟು ಬೆಳೆಯೋಕೆ ಇಪ್ಪತ್ತು ವರ್ಷ ಬೇಕು."

"ಬೇಕಾಗಲಿ," ಅಂದಳು ಅವಳು. "ಸ್ಟೂಲಿಂದ ಏಳು."